ಹಳೇ ಮೌಂಟನ್ ಬೈಕ್: ಬಿಡಿಭಾಗದ ಖರ್ಚು ಕೈ ಮೀರಿದಾಗ

ಹಳೇ ಮೌಂಟನ್ ಬೈಕ್ (ಗುಡ್ಡಗಾಡಿನಲ್ಲಿ ಓಡಿಸುವ ಸೈಕಲ್) ಸರಿ ಮಾಡಲು ಹೊರಟು, ಬೈಕ್ ಕೊಂಡಿದ್ದಕ್ಕಿಂತ ಬಿಡಿಭಾಗಕ್ಕೇ ಜಾಸ್ತಿ ಹೋಯಿತು ಅಂದಿದ್ದೀರಿ. ಒಂದೊಂದೇ ಭಾಗ ಬಿಡಿಯಾಗಿ ಕೊಳ್ಳುತ್ತಿರುವುದೇ ಕಾರಣ ಇರಬೇಕು. ಜೊತೆಗೆ 1990ರ ಆಸುಪಾಸಿನ ಬೈಕುಗಳ ಅಳತೆ ಒಂದೇ ಥರ ಇರಲಿಲ್ಲ. ತಪ್ಪು ಅಳತೆಯದು ಬಂದರೆ ದುಡ್ಡು ಎರಡು ಸಲ ಹೋಗುತ್ತದೆ.

ಸದ್ಯಕ್ಕೆ ಏನೂ ಕೊಳ್ಳಬೇಡಿ. ಮೊದಲು ಫ್ರೇಮ್ ನೋಡಿ. ಸೀಟ್‌ಪೋಸ್ಟ್ (ಸೀಟು ಹೊರುವ ಕೊಳವೆ) ಸಡಿಲಿಸಿದರೆ ಮೇಲೆ ಕೆಳಗೆ ಸರಿಯುತ್ತದಾ? ಅಲ್ಯೂಮಿನಿಯಂ ಪೋಸ್ಟ್ ಉಕ್ಕಿನ ಫ್ರೇಮಿನೊಳಗೆ ಕಚ್ಚಿಕೊಂಡಿದ್ದರೆ ಬಿಡಿಸುವ ಕೂಲಿಯೇ ಬೈಕಿನ ಬೆಲೆ ಮುಟ್ಟಬಹುದು. ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಜಾಗ) ಸುತ್ತ, ಹಿಂದಿನ ಚಕ್ರ ಕೂರುವ ಜಾಗದಲ್ಲಿ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಅಳತೆ ಬರೆದಿಟ್ಟುಕೊಳ್ಳಿ. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಸ್ಟೀರರ್, ಅಂದರೆ ಫ್ರೇಮಿನೊಳಗೆ ಹೋಗುವ ಮೇಲಿನ ಕೊಳವೆಯ ದಪ್ಪ (1, 1⅛ ಅಥವಾ 1¼ ಇಂಚು), ಹಿಂದಿನ ಹಬ್, ಅಂದರೆ ಚಕ್ರದ ನಡುಭಾಗದ ಅಗಲ (ಸಾಮಾನ್ಯವಾಗಿ 130 ಅಥವಾ 135 ಮಿ.ಮೀ.), ಸೀಟ್‌ಪೋಸ್ಟ್ ದಪ್ಪ. ಸ್ಟೀರರ್ 1¼ ಇಂಚಿನದಾದರೆ ಸ್ವಲ್ಪ ಕಷ್ಟ. ಅದಕ್ಕೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಬೇಕಾದ ಬೇರಿಂಗ್ ಜೋಡಿ) ಸುಲಭಕ್ಕೆ ಸಿಗುವುದಿಲ್ಲ.

ಶಿಫ್ಟರ್ (ಗೇರ್ ಬದಲಿಸುವ ಲಿವರ್) ಕ್ಲಿಕ್ ಆಗುತ್ತಿಲ್ಲ ಅಂತಲೂ ಅಂದಿರಲ್ಲ, ಅದನ್ನು ಸುಮ್ನೆ ಬಿಸಾಡಬೇಡಿ. ಹೆಚ್ಚಾಗಿ ಒಳಗಿನ ಗ್ರೀಸ್ ಗಟ್ಟಿಯಾಗಿರುತ್ತದೆ. ಜಿಡ್ಡು ಕರಗಿಸುವ ಡಿಗ್ರೀಸರ್ ಒಳಗೆ ಹಾಕಿ ಲಿವರ್ ಆಡಿಸುತ್ತಾ ಇರಿ. ಹಳೇ ಜಿಡ್ಡು ಹೋದ ಮೇಲೆ ತೆಳು ಎಣ್ಣೆ ಹಾಕಿ. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ. ಒಳಗೆ ಏನಾದರೂ ಮುರಿದಿದ್ದರೆ ಇದು ಕೆಲಸ ಮಾಡುವುದಿಲ್ಲ.

ಬಣ್ಣಕ್ಕೆ ಮಾತ್ರ ಕೈ ಹಾಕಬೇಡಿ. ಗೀಚು ಬಿದ್ದಿದ್ದರೂ ಸಂಗ್ರಹಿಸುವವರು ಕೇಳುವುದು ಮೊದಲಿನ ಬಣ್ಣವನ್ನೇ ಅಲ್ವಾ. ಟೈರ್, ಕೇಬಲ್, ಬ್ರೇಕ್ ಪ್ಯಾಡ್, ಚೈನ್ ಹೊಸದೇ ಇರಲಿ. 26 ಇಂಚಿನ ಟೈರ್ ಈಗಲೂ ಬರುತ್ತದೆ. ಇಷ್ಟಾದ ಮೇಲೂ ನಾಲ್ಕೈದು ಭಾಗ ಬೇಕಿದ್ದರೆ ಅದೇ ಕಾಲದ ಇನ್ನೊಂದು ಇಡೀ ಬೈಕ್ ಹುಡುಕಿ. ಅದರ ಫ್ರೇಮ್ ಹಾಳಾಗಿದ್ದರೂ ಪರವಾಗಿಲ್ಲ, ಬಿಡಿಯಾಗಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ ಬೀಳುತ್ತದೆ.