ಎಂಟು ವಾರಗಳಿಂದ ಅದೇ 77 ಕಿಲೋ: ಬಿಟ್ಟುಬಿಡಲೇ?

ಪ್ರಶ್ನೆ: ನನಗೆ 41 ವರ್ಷ. ಕಚೇರಿ ಕೆಲಸದಲ್ಲಿದ್ದೇನೆ, ಇಬ್ಬರು ಮಕ್ಕಳಿದ್ದಾರೆ. ರಕ್ತದ ಸಕ್ಕರೆ ಗಡಿಗೆ ಬಂದಿದೆ, ತೂಕ ಇಳಿಸಿಕೊಳ್ಳಿ ಎಂದು ವೈದ್ಯರು ಹೇಳಿದ ಮೇಲೆ, ಏಳು ತಿಂಗಳ ಹಿಂದೆ ಬೆಳಗಿನ ನಡಿಗೆಯನ್ನೂ ಊಟದಲ್ಲಿ ಹಿಡಿತವನ್ನೂ ಆರಂಭಿಸಿದೆ. ಆಗ 84 ಕಿಲೋ ಇದ್ದೆ. ಮೊದಲ ಎರಡು ತಿಂಗಳಲ್ಲಿ 4 ಕಿಲೋ, ಮುಂದಿನ ಮೂರು ತಿಂಗಳಲ್ಲಿ 3 ಕಿಲೋ ಇಳಿಯಿತು. ಈಗ ಎಂಟು ವಾರಗಳಿಂದ 77ರಲ್ಲೇ ನಿಂತಿದೆ. ದಿನವೂ ಬೆಳಿಗ್ಗೆ ತೂಕ ನೋಡುತ್ತೇನೆ. ಏರಿದ್ದರೆ ಅಂದು ತಿಂಡಿ ಬಿಡುತ್ತೇನೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಸಿಕ್ಕಿದ್ದನ್ನು ತಿನ್ನುತ್ತೇನೆ, ಮರುದಿನ ನಾಚಿಕೆಯಿಂದ ನಡಿಗೆಗೂ ಹೋಗುವುದಿಲ್ಲ. ನಾದಿನಿ ಕಟ್ಟುನಿಟ್ಟಿನ ಪಥ್ಯ ಮಾಡಿ ಒಂದೇ ತಿಂಗಳಲ್ಲಿ 6 ಕಿಲೋ ಇಳಿಸಿದ್ದಾಳೆ. ‘ಇಷ್ಟೆಲ್ಲ ಮಾಡಿಯೂ ಇಷ್ಟೇನಾ?’ ಎಂದು ಪತಿ ಕೇಳುತ್ತಾರೆ. ಕಚೇರಿಯ ಮೂರು ಮಹಡಿಗಳನ್ನು ಈಗ ಎಲ್ಲೂ ನಿಲ್ಲದೆ ಹತ್ತುತ್ತೇನೆ, ಆದರೆ ತೂಕ ಇಳಿಯದಿದ್ದರೆ ಏನು ಪ್ರಯೋಜನ? ರಕ್ತಪರೀಕ್ಷೆಗೆ ಹೋಗಲು ಮುಖವಿಲ್ಲದೆ ಎರಡು ಬಾರಿ ಮುಂದೂಡಿದ್ದೇನೆ. ನನ್ನಲ್ಲಿ ಮನೋಬಲವೇ ಇಲ್ಲವೇ? ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಆದರೆ ಈಗ ಮಾಡುತ್ತಿರುವ ರೀತಿಯಲ್ಲೇ ಮುಂದುವರಿಸಿ ಎಂದೂ ನಾನು ಹೇಳುವುದಿಲ್ಲ. ಏಕೆಂದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ: ದೇಹದಲ್ಲಿ ನಿಜವಾಗಿ ಆಗುತ್ತಿರುವುದು ಒಂದು, ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತಾಗ ನೀವು ನಿಮಗೇ ಹೇಳಿಕೊಳ್ಳುವ ಮಾತು ಇನ್ನೊಂದು. ಮೊದಲನೆಯದು ನಿಮ್ಮ ಪರವಾಗಿಯೇ ಇದೆ. ನಿಮ್ಮನ್ನು ಸೋಲಿಸುತ್ತಿರುವುದು ಎರಡನೆಯದು.

ಮಹಡಿಯ ಮಾತನ್ನು ನೀವು ಒಂದೇ ವಾಕ್ಯದಲ್ಲಿ ಬರೆದು, ಅದೇ ಉಸಿರಿನಲ್ಲಿ ತಳ್ಳಿಹಾಕಿದ್ದೀರಿ. ಆದರೆ ಮೂರು ಮಹಡಿಗಳನ್ನು ನಿಲ್ಲದೆ ಹತ್ತುವುದೆಂದರೆ, ಹೃದಯವು ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತವನ್ನು ಕಳುಹಿಸುತ್ತಿದೆ, ಕಾಲಿನ ಸ್ನಾಯುಗಳು ಆ ರಕ್ತದಲ್ಲಿರುವ ಆಮ್ಲಜನಕವನ್ನೂ ಸಕ್ಕರೆಯನ್ನೂ ಮೊದಲಿಗಿಂತ ಚೆನ್ನಾಗಿ ಬಳಸಿಕೊಳ್ಳುತ್ತಿವೆ ಎಂದೇ ಅರ್ಥ. ನಿಮ್ಮ ವೈದ್ಯರು ಬಯಸಿದ್ದು ಇದನ್ನೇ. ನೀವು ಈ ದಾರಿ ಹಿಡಿದದ್ದು ರಕ್ತದ ಸಕ್ಕರೆಗಾಗಿ. ನಡುವೆ ಎಲ್ಲೋ ಗುರಿ ಬದಲಾಗಿ, ಯಂತ್ರದ ಮೇಲಿನ ಅಂಕಿಯೇ ಸರ್ವಸ್ವವಾಗಿಬಿಟ್ಟಿದೆ.

ನಿಮ್ಮಂತೆಯೇ ಸಕ್ಕರೆ ಗಡಿಯಲ್ಲಿದ್ದ 3,234 ಮಂದಿಯನ್ನು ಸೇರಿಸಿಕೊಂಡು ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ವಾರಕ್ಕೆ 150 ನಿಮಿಷಗಳ ದೈಹಿಕ ಚಟುವಟಿಕೆಯನ್ನೂ, ದೇಹತೂಕದಲ್ಲಿ ಕನಿಷ್ಠ ಶೇ 7ರಷ್ಟು ಇಳಿಕೆಯನ್ನೂ ಗುರಿಯಾಗಿ ಕೊಡಲಾಗಿತ್ತು. ಆ ಗುಂಪಿನವರು ಸರಾಸರಿ ಇಳಿಸಿದ್ದು 5.6 ಕಿಲೋ ಮಾತ್ರ. ಆದರೂ ಸಾಮಾನ್ಯ ಸಲಹೆ ಮಾತ್ರ ಪಡೆದವರಿಗೆ ಹೋಲಿಸಿದರೆ ಅವರಲ್ಲಿ ಮಧುಮೇಹ ಕಾಣಿಸಿಕೊಳ್ಳುವ ಪ್ರಮಾಣ ಶೇ 58ರಷ್ಟು ತಗ್ಗಿತು. ನೀವು ಇಳಿಸಿರುವುದು 7 ಕಿಲೋ, ಅಂದರೆ ಆರಂಭದ ತೂಕದ ಶೇ 8ಕ್ಕಿಂತ ಹೆಚ್ಚು. ‘ಇಷ್ಟೇನಾ?’ ಎಂದು ಕೇಳುವವರಿಗೆ ಈ ಲೆಕ್ಕವನ್ನು ನೀವು ಧೈರ್ಯವಾಗಿ ಹೇಳಬಹುದು.

ಇನ್ನು ಎಂಟು ವಾರಗಳಿಂದ ತೂಕ ಏಕೆ ನಿಂತಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ತಿಳಿಯದೆ ನೀವು ನಿಮ್ಮ ಮನೋಬಲವನ್ನು ಹಳಿದುಕೊಳ್ಳುತ್ತಿದ್ದೀರಿ. 84 ಕಿಲೋ ದೇಹವನ್ನು ಹೊತ್ತು ನಡೆಯಲು ಬೇಕಾಗುತ್ತಿದ್ದಷ್ಟು ಶಕ್ತಿ 77 ಕಿಲೋ ದೇಹಕ್ಕೆ ಬೇಕಾಗುವುದಿಲ್ಲ. ನಡಿಗೆ ಅದೇ, ದೂರ ಅದೇ, ಖರ್ಚು ಮಾತ್ರ ಕಡಿಮೆ. ಇದರ ಜೊತೆಗೆ ಕೊಬ್ಬು ಕರಗಿದಂತೆ ಅದರಿಂದಲೇ ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ, ಮಿದುಳು ಅದನ್ನು ಕೊರತೆಯ ಸೂಚನೆಯೆಂದು ತಿಳಿದು ಹಸಿವನ್ನು ಹೆಚ್ಚಿಸುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ, ಇಳಿದ ಪ್ರತಿ ಕಿಲೋಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿಯಷ್ಟು ತಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಇದನ್ನು ಏಳರಿಂದ ಗುಣಿಸಿ ನೋಡಿ. ಏಳು ತಿಂಗಳ ಹಿಂದಿನ ನಿಮಗಿಂತ ಇಂದಿನ ನೀವು ಎಷ್ಟೋ ಹೆಚ್ಚು ಹಸಿವನ್ನು ಎದುರಿಸುತ್ತಿದ್ದೀರಿ, ಆದರೂ ತೂಕ ಮತ್ತೆ ಏರಲು ಬಿಟ್ಟಿಲ್ಲ. ಎಂಟು ವಾರ ಒಂದೇ ಕಡೆ ನಿಂತದ್ದನ್ನು ನೀವು ಸೋಲೆಂದು ಬರೆದಿದ್ದೀರಿ; ನನಗೆ ಅದು ಎಂಟು ವಾರಗಳ ಕಾವಲಿನಂತೆ ಕಾಣುತ್ತದೆ.

ದಿನದಿಂದ ದಿನಕ್ಕೆ ಆಗುವ ಏರಿಳಿತದ ಕಥೆಯೇ ಬೇರೆ. ಹಿಂದಿನ ದಿನದ ಉಪ್ಪು, ಹೊಟ್ಟೆಯಲ್ಲಿ ಇನ್ನೂ ಉಳಿದ ಆಹಾರ, ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ಹಿಡಿದಿಟ್ಟುಕೊಳ್ಳುವ ನೀರು, ಇವುಗಳಿಂದಲೇ ತೂಕ ಒಂದು ಕಿಲೋ ಅಥವಾ ಅದಕ್ಕಿಂತಲೂ ಹೆಚ್ಚು ಆಚೀಚೆ ಆಗಬಹುದು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಒಂದು ರಾತ್ರಿ ನೀವು ಲೆಕ್ಕಕ್ಕಿಂತ 800 ಕ್ಯಾಲೊರಿ ಹೆಚ್ಚು ತಿಂದರೂ ಅದರಿಂದ ಕೂಡುವ ಕೊಬ್ಬು ಹೆಚ್ಚೆಂದರೆ ಸುಮಾರು 100 ಗ್ರಾಂ. ಹಾಗಿದ್ದರೂ ಮರುದಿನ ಯಂತ್ರ ಒಂದು ಕಿಲೋ ಹೆಚ್ಚು ತೋರಿಸಿದರೆ, ನೀವು ಆ ಸುಳ್ಳು ಕಿಲೋವನ್ನು ನಂಬಿ ತಿಂಡಿ ಬಿಡುತ್ತೀರಿ. ಬಿಟ್ಟ ತಿಂಡಿಯೇ ರಾತ್ರಿ ಹತ್ತೂವರೆಗೆ ಅಡುಗೆಮನೆಯ ಮಂದ ಬೆಳಕಿನಲ್ಲಿ ನಿಮ್ಮ ಕೈಯನ್ನು ಡಬ್ಬಿಯೊಳಗೆ ಇಳಿಸುತ್ತದೆ. ಅದು ನಾಲಿಗೆಯ ಚಪಲವಲ್ಲ. ಬೆಳಗಿನಿಂದ ಕಾದುಕೊಂಡಿದ್ದ ಹಸಿವು.

ನಿಮ್ಮ ನಾದಿನಿಯ 6 ಕಿಲೋ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಕೃತ್ತಿನಲ್ಲಿ ಮತ್ತು ಸ್ನಾಯುಗಳಲ್ಲಿ ಸಕ್ಕರೆಯು ಗ್ಲೈಕೋಜನ್ ರೂಪದಲ್ಲಿ ಶೇಖರಣೆಯಾಗಿರುತ್ತದೆ, ಅದರ ಒಂದೊಂದು ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರೂ ಸೇರಿಕೊಂಡಿರುತ್ತದೆ. ಕಟ್ಟುನಿಟ್ಟಿನ ಪಥ್ಯದ ಮೊದಲ ದಿನಗಳಲ್ಲಿ ಈ ದಾಸ್ತಾನು ಖಾಲಿಯಾದಂತೆ ನೀರೂ ಹೊರಹೋಗುತ್ತದೆ, ಊಟ ಮೊದಲಿನಂತಾದ ಕೂಡಲೇ ಹಿಂದಿರುಗುತ್ತದೆ. ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋವರೆಗಿನ ಇಳಿಕೆಯನ್ನು ವೈದ್ಯರು ಸಾಮಾನ್ಯವಾಗಿ ಸುರಕ್ಷಿತವೆನ್ನುತ್ತಾರೆ. ಅದಕ್ಕಿಂತ ನಿಧಾನವಾದರೆ ಅದು ತಪ್ಪೇನಲ್ಲ. ನಾದಿನಿಯ ಪ್ರಯತ್ನ ಅವರಿಗೆ ಒಳ್ಳೆಯದನ್ನೇ ತರಲಿ, ಆದರೆ ನಿಮ್ಮ ಅಳತೆಗೋಲು ಅದಾಗದಿರಲಿ.

ಹಾಗಾದರೆ ನಾಳೆಯಿಂದ ಏನು ಬದಲಾಗಬೇಕು? ಮೊದಲು ಯಂತ್ರದ ಜಾಗ ಬದಲಾಗಲಿ. ದಿನವೂ ತೂಕ ನೋಡುವುದು ಕೆಲವರಿಗೆ ಸಹಾಯ ಮಾಡುತ್ತದೆ ನಿಜ, ಆದರೆ ಅಂಕಿ ಏರಿದರೆ ಊಟ ಬಿಡುವ ನಿಮ್ಮಂಥವರಿಗೆ ಅದು ಹಾನಿಯನ್ನೇ ಮಾಡುತ್ತಿದೆ. ಅದನ್ನು ಕಪಾಟಿನ ಒಳಗಿಟ್ಟು, ವಾರಕ್ಕೊಮ್ಮೆ, ನಿಗದಿತ ದಿನದಂದು, ಬೆಳಿಗ್ಗೆ ಏನನ್ನೂ ಸೇವಿಸುವ ಮುನ್ನ ಮಾತ್ರ ಹೊರತೆಗೆಯಿರಿ. ಈ ತಿಂಗಳ ಅಂಕಿಯನ್ನು ಹೋದ ತಿಂಗಳ ಋತುಚಕ್ರದ ಅದೇ ವಾರದ ಅಂಕಿಯೊಂದಿಗೆ ಹೋಲಿಸಿ. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟದ ಸುತ್ತಳತೆ ತೆಗೆದುಕೊಳ್ಳಿ. ಸಕ್ಕರೆಯ ದೃಷ್ಟಿಯಿಂದ ಹೊಟ್ಟೆಯೊಳಗಿನ ಕೊಬ್ಬೇ ಹೆಚ್ಚು ಅಪಾಯಕಾರಿಯಾದ್ದರಿಂದ, ತೂಕ ನಿಂತಿರುವಾಗಲೂ ಸುತ್ತಳತೆ ಇಳಿಯುತ್ತಿದ್ದರೆ ಅದು ನಿಜವಾದ ಪ್ರಗತಿ.

ಎರಡನೆಯದಾಗಿ, ಯಂತ್ರ ಏನೇ ಹೇಳಲಿ, ಬೆಳಗಿನ ತಿಂಡಿ ಬಿಡಬೇಡಿ. ಈ ಒಂದು ನಿಯಮವನ್ನು ಉಳಿದೆಲ್ಲ ನಿಯಮಗಳಿಗಿಂತ ಮೇಲಿಡಿ. ತಟ್ಟೆಯ ಅರ್ಧದಷ್ಟು ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ, ಮೀನಿನಂಥ ಪ್ರೋಟೀನು, ಇನ್ನುಳಿದ ಕಾಲು ಭಾಗ ಧಾನ್ಯ ಎಂಬ ಅಂದಾಜು ಸಾಕು. ಪ್ರೋಟೀನು ಮತ್ತು ನಾರು ಇರುವ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ರಾತ್ರಿ ಹಸಿವಾದರೆ ತಿನ್ನಿ, ಆದರೆ ದೀಪ ಹಾಕಿ, ತಟ್ಟೆಗೆ ಬಡಿಸಿಕೊಂಡು, ಕುಳಿತು ತಿನ್ನಿ. ಕತ್ತಲಲ್ಲಿ ನಿಂತು ತಿಂದದ್ದು ಲೆಕ್ಕಕ್ಕೂ ಸಿಗುವುದಿಲ್ಲ, ತೃಪ್ತಿಯನ್ನೂ ಕೊಡುವುದಿಲ್ಲ, ಕದ್ದು ತಿಂದ ಭಾವವನ್ನು ಮಾತ್ರ ಉಳಿಸುತ್ತದೆ. ಹೀಗೆ ಮಾಡಿದ ಮೇಲೂ ರಾತ್ರಿಯ ತಿನ್ನಾಟ ನಿಮ್ಮ ಹಿಡಿತಕ್ಕೆ ಸಿಗದೆ ವಾರಗಟ್ಟಲೆ ಮುಂದುವರಿದರೆ, ಅಥವಾ ತಿಂದದ್ದನ್ನು ಹೇಗಾದರೂ ಹೊರಹಾಕಬೇಕು ಎನಿಸತೊಡಗಿದರೆ, ದಯವಿಟ್ಟು ಒಬ್ಬ ಆಪ್ತಸಮಾಲೋಚಕರನ್ನು ಕಾಣಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಉತ್ಸಾಹ ಕುಂದಿದೆ ಎಂದು ದುಃಖಿಸಬೇಡಿ. ಏಳು ತಿಂಗಳ ಕಾಲ ಯಾರ ಉತ್ಸಾಹವೂ ಮೊದಲ ದಿನದಂತೆ ಉಳಿಯುವುದಿಲ್ಲ, ಅದರ ಜಾಗವನ್ನು ಅಭ್ಯಾಸ ತುಂಬಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು 18ರಿಂದ 254 ದಿನಗಳವರೆಗೂ ಹಿಡಿಯಬಹುದೆಂದು ಕಂಡುಬಂತು. ನೀರು ಕುಡಿಯುವುದು, ಹಣ್ಣು ತಿನ್ನುವುದು ಬೇಗ ಕೈಗೂಡಿದರೆ ವ್ಯಾಯಾಮಕ್ಕೆ ಹೆಚ್ಚು ಕಾಲ ಬೇಕಾಯಿತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದರ ಇನ್ನೊಂದು ಫಲಿತಾಂಶ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಆದ್ದರಿಂದ ತಪ್ಪಿದ ದಿನವನ್ನು ತೀರಿಸಲು ಮರುದಿನ ಎರಡರಷ್ಟು ನಡೆಯಬೇಕಾಗಿಲ್ಲ, ಉಪವಾಸವೂ ಬೇಡ. ಮರುದಿನ ಎಂದಿನಂತೆ ಹೊರಟರೆ ಸಾಕು, ಮನಸ್ಸಿಲ್ಲದ ದಿನ ಹತ್ತೇ ನಿಮಿಷವಾದರೂ ಸರಿ.

‘ನಾಳೆಯಿಂದ ತಪ್ಪದೆ ನಡೆಯುತ್ತೇನೆ’ ಎಂಬ ಸಂಕಲ್ಪಕ್ಕಿಂತ, ‘ಮಕ್ಕಳನ್ನು ಶಾಲೆಗೆ ಕಳಿಸಿದ ಕೂಡಲೇ ಬೂಟು ಹಾಕುತ್ತೇನೆ’ ಎಂಬ ಏರ್ಪಾಡು ಹೆಚ್ಚು ಬಾಳುತ್ತದೆ, ಏಕೆಂದರೆ ಎರಡನೆಯದರಲ್ಲಿ ಮನಸ್ಸನ್ನು ಕೇಳುವ ಪ್ರಸಂಗವೇ ಬರುವುದಿಲ್ಲ. ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಇರಲಿ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈಯೂರಿ ದೇಹವನ್ನು ತಳ್ಳುವುದು, ಇಷ್ಟರಿಂದಲೇ ಆರಂಭಿಸಬಹುದು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಸ್ವಲ್ಪ ಕರಗುತ್ತದೆ, ಅದನ್ನು ಉಳಿಸಿಕೊಳ್ಳಲು ಬರೀ ನಡಿಗೆ ಸಾಲದು. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ರಕ್ತದಿಂದ ಒಳಗೆಳೆದುಕೊಳ್ಳುವುದು ಸ್ನಾಯುಗಳೇ ಎಂಬುದು ನಿಮಗಂತೂ ನೆನಪಿರಬೇಕಾದ ವಿಷಯ.

ನಿಮ್ಮ ಪತಿಯ ಮಾತಿನಲ್ಲಿ ಕೆಟ್ಟ ಉದ್ದೇಶವಿದೆ ಎಂದು ನನಗನ್ನಿಸುವುದಿಲ್ಲ, ಆದರೆ ಅದು ನಿಮ್ಮನ್ನು ನೋಯಿಸುತ್ತಿದೆ ಎಂಬುದು ಅವರಿಗೆ ಗೊತ್ತಾಗಬೇಕು. ಮಾತು ಬಿಸಿಯಾಗಿರುವಾಗ ಬೇಡ. ಬಿಡುವಾಗಿ ಕುಳಿತಿರುವಾಗ, ‘ತೂಕದ ವಿಷಯ ನೀವು ಕೇಳಬೇಡಿ, ಬೆಳಿಗ್ಗೆ ಅರ್ಧ ಗಂಟೆ ಮನೆಯ ಕೆಲಸ ನೋಡಿಕೊಳ್ಳಿ, ನಾನು ನಡೆದು ಬರುತ್ತೇನೆ’ ಎಂದು ನೇರವಾಗಿ ಹೇಳಿ. ಬೆಂಬಲ ಕೊಡಿ ಎಂದಷ್ಟೇ ಕೇಳಿದರೆ ಏನು ಮಾಡಬೇಕೆಂದು ಹಲವರಿಗೆ ತಿಳಿಯುವುದಿಲ್ಲ.

ಕೊನೆಯದಾಗಿ ರಕ್ತಪರೀಕ್ಷೆ. ಇದನ್ನು ಮೂರನೇ ಬಾರಿ ಮುಂದೂಡಬೇಡಿ, ಈ ವಾರವೇ ಹೋಗಿ. ಎಚ್‌ಬಿಎ1ಸಿ ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ, ಅಂದರೆ ನೀವು ವ್ಯರ್ಥವಾಯಿತೆಂದು ಬಗೆದಿರುವ ಆ ಎಂಟು ವಾರಗಳ ಲೆಕ್ಕವೂ ಅದರಲ್ಲಿ ಸೇರಿರುತ್ತದೆ. ಥೈರಾಯ್ಡ್ ಪರೀಕ್ಷೆಯೂ ಬೇಕೇ ಎಂದು ವೈದ್ಯರನ್ನು ಕೇಳಿ, ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ಒಯ್ಯಿರಿ. ತೂಕ ಹೆಚ್ಚಿಸುವ ಔಷಧಗಳು ಕೆಲವಿವೆ, ಆದರೆ ಅವನ್ನು ನೀವಾಗಿ ನಿಲ್ಲಿಸಬೇಡಿ. ರಾತ್ರಿಯ ಊಟದ ಸಂಗತಿಯನ್ನು ಮುಚ್ಚಿಡಬೇಡಿ. ಮೂರು ಮಹಡಿಗಳನ್ನು ಈಗ ನಿಲ್ಲದೆ ಹತ್ತುತ್ತೀರಿ ಎಂಬುದನ್ನೂ ಅವರಿಗೆ ಹೇಳಿ, ಈ ಬಾರಿ ‘ಆದರೆ’ ಸೇರಿಸದೆ.