ಸಂಗೀತ ಬರುತ್ತೆ, ಬಂದೂಕಿನ ಸದ್ದು ಮಾತ್ರ ಇಲ್ಲ

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟ ಇದೆ. ಹಿಂದೆ ತೋಟದ ರೈಟರ್ ಲೆಕ್ಕ ಬರೆಯುತ್ತಿದ್ದ 486 ಕಂಪ್ಯೂಟರ್ ಅಟ್ಟದಲ್ಲಿ ಸಿಕ್ಕಿತು. ಆನ್ ಕೂಡ ಆಯಿತು! ಮೊದಲಿದ್ದ ಸೌಂಡ್ ಕಾರ್ಡನ್ನು ಯಾರೋ ಬಿಚ್ಚಿಕೊಂಡಿದ್ದರು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಸೌಂಡ್ ಬ್ಲಾಸ್ಟರ್ 16 ತರಿಸಿ ಹಾಕಿದೆ. ಡೂಮ್ ಆಟದಲ್ಲಿ ಸಂಗೀತ ಚೆನ್ನಾಗಿ ಬರುತ್ತದೆ. ಬಂದೂಕು ಹೊಡೆದರೆ ಮಾತ್ರ ಸದ್ದಿಲ್ಲ. ಕೆಲವು ಸಲ ಒಂದೇ ತುಣುಕು ಟರ್ ಟರ್ ಅಂತ ಸಿಕ್ಕಿಕೊಳ್ಳುತ್ತದೆ. ಕಂಪ್ಯೂಟರ್ ಶುರುವಾಗುವಾಗ ಓದುವ ಆಟೋಎಕ್ಸೆಕ್ ಫೈಲಿನಲ್ಲಿ ‘ಸೆಟ್ ಬ್ಲಾಸ್ಟರ್=ಎ220 ಐ7 ಡಿ1 ಟಿ4’ ಎಂಬ ಸಾಲಿದೆ. ಕಾರ್ಡ್ ಹಾಳಾಗಿದೆಯಾ?

ಉತ್ತರ: ಇಲ್ಲ ಅಂತಲೇ ನನ್ನ ಅಂದಾಜು. ಸಂಗೀತ ಬರುತ್ತಿದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಸ್ಪೀಕರ್, ವೈರು, ಸ್ಲಾಟು ಎಲ್ಲಾ ಸರಿ ಇವೆ ಅಂತಾಯಿತು. ಅವುಗಳ ಹಿಂದೆ ಬೀಳಬೇಡಿ.

ಈ ಕಾರ್ಡಿನಲ್ಲಿ ಸದ್ದಿಗೆ ಎರಡು ಬೇರೆ ಬೇರೆ ದಾರಿ ಇವೆ. ಸಂಗೀತ ಹುಟ್ಟುವುದು ಯಮಹಾ ಚಿಪ್ಪಿನಲ್ಲಿ. ‘ಈ ಸ್ವರ ನುಡಿಸು’ ಅಂತ ಆಟ 388ನೇ ಪೋರ್ಟಿಗೆ ಬರೆದರೆ ಸಾಕು, ಉಳಿದದ್ದನ್ನು ಚಿಪ್ಪೇ ನೋಡಿಕೊಳ್ಳುತ್ತದೆ. 1987ರ ಆಡ್‌ಲಿಬ್ ಕಾರ್ಡಿನಿಂದ ಬಂದ ಪದ್ಧತಿ ಇದು. ಬಂದೂಕಿನ ಸದ್ದು ಹಾಗಲ್ಲ, ಅದು ರೆಕಾರ್ಡ್ ಮಾಡಿಟ್ಟದ್ದು. ಕಾರ್ಡ್ ಅದನ್ನು ಡಿಎಂಎ ಎಂಬ ನೇರ ದಾರಿಯಲ್ಲಿ ಮೆಮೊರಿಯಿಂದ ಎಳೆದುಕೊಂಡು, ಒಂದು ತುಂಡು ಮುಗಿದ ಕೂಡಲೇ ‘ಮುಂದಿನದು ಕೊಡಿ’ ಅಂತ ಐಆರ್‌ಕ್ಯೂ ಎಂಬ ಕರೆಗಂಟೆಯ ಲೈನಿನಲ್ಲಿ ಕರೆಯುತ್ತದೆ. ನಿಮ್ಮ ಆಟ 7ನೇ ಲೈನಿನಲ್ಲಿ ಕಾಯುತ್ತಿದೆ. ಕಾರ್ಡ್ ಬಹುಶಃ 5ರಲ್ಲಿ ಕರೆಯುತ್ತಿದೆ. ನೆಂಟರು ಮುಂಬಾಗಿಲಲ್ಲಿ ಬೆಲ್ ಒತ್ತುತ್ತಿದ್ದಾರೆ, ನೀವು ಹಿತ್ತಿಲಲ್ಲಿ ನಿಂತು ಯಾಕೆ ಬರಲಿಲ್ಲ ಅಂತಿದ್ದೀರಿ. ಮುಂದಿನ ತುಂಡು ಸಿಗದೆ ಇದ್ದದ್ದನ್ನೇ ಕಾರ್ಡ್ ತಿರುಗಿಸಿ ತಿರುಗಿಸಿ ನುಡಿಸಿದಾಗ ಬರುವುದೇ ನಿಮ್ಮ ಟರ್ ಟರ್.

ಆ ಸಾಲು ನಿಮ್ಮ ಹೊಸ ಕಾರ್ಡಿನದ್ದೇ ಅಲ್ಲ. ಟಿ4 ಅಂದರೆ ಸೌಂಡ್ ಬ್ಲಾಸ್ಟರ್ ಪ್ರೋ 2. ಬಿಚ್ಚಿಕೊಂಡು ಹೋದವರು ಕಾರ್ಡ್ ಒಯ್ದರು, ಸಾಲನ್ನು ಬಿಟ್ಟು ಹೋದರು! 16ಕ್ಕೆ ಸಾಮಾನ್ಯವಾಗಿ ಇರಬೇಕಾದ್ದು ‘ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಎಚ್5 ಪಿ330 ಟಿ6’. ಇಲ್ಲಿ ಎ ಅಂದರೆ ವಿಳಾಸ, ಐ ಐಆರ್‌ಕ್ಯೂ, ಡಿ 8 ಬಿಟ್ಟಿನ ಡಿಎಂಎ, ಎಚ್ 16 ಬಿಟ್ಟಿನದ್ದು, ಪಿ ಮಿಡಿ ಪೋರ್ಟ್. ಡಾಸ್‌ನಲ್ಲಿ (ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ) ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ. ‘=’ ಗುರುತಿನ ಹಿಂದೆ ಮುಂದೆ ಜಾಗ ಬಿಡಬೇಡಿ. ‘=’ಗೆ ಮೊದಲು ಒಂದು ಸ್ಪೇಸ್ ನುಸುಳಿದರೂ ಡಾಸ್ ಅದನ್ನು ಹೆಸರಿನ ಭಾಗ ಅಂದುಕೊಳ್ಳುತ್ತದೆ, ಆಟಕ್ಕೆ ಬ್ಲಾಸ್ಟರ್ ಸಿಗುವುದೇ ಇಲ್ಲ. ಹೀಗೆ ಒಂದು ಇಡೀ ಭಾನುವಾರ ಕಳೆದುಕೊಂಡವನು ನಾನು.

ಆದರೆ ನಾನು ಹೇಳಿದೆ ಅಂತ 5 ಬರೆದು ಸುಮ್ನೆ ಕೂರಬೇಡಿ. ಈ ಸಾಲು ಆಟಗಳಿಗೆ ಕೊಡುವ ಮಾಹಿತಿ ಅಷ್ಟೇ, ಅದರಿಂದ ಕಾರ್ಡ್ ತಾನಾಗಿ ಬದಲಾಗುವುದಿಲ್ಲ. ಕಾರ್ಡಿನ ಜೊತೆ ಬರುತ್ತಿದ್ದ ಡ್ರೈವರ್ ಫ್ಲಾಪಿಯ ಫೈಲುಗಳು ಸಿಕ್ಕಿದರೆ ‘ಡಯಾಗ್ನೋಸ್’ ಪ್ರೋಗ್ರಾಂ ಓಡಿಸಿ. ವಿಳಾಸ, ಐಆರ್‌ಕ್ಯೂ, ಡಿಎಂಎ ಪರೀಕ್ಷಿಸಿ, ಸಂಗೀತ ಮತ್ತು ರೆಕಾರ್ಡ್ ಸದ್ದು ಎರಡನ್ನೂ ನುಡಿಸಿ ತೋರಿಸುತ್ತದೆ. ಪ್ಲಗ್ ಆ್ಯಂಡ್ ಪ್ಲೇ ಮಾದರಿಯಾದರೆ ‘ಸಿಟಿಸಿಎಂ’ ಬೇಕು. ಆಮೇಲೆ ಡೂಮ್‌ನ ಸೆಟಪ್‌ಗೆ ಹೋಗಿ ಅಲ್ಲೂ ಅದೇ ಅಂಕಿಗಳನ್ನು ಕೊಡಿ. ಕಾರ್ಡ್, ಸಾಲು, ಆಟ ಮೂರೂ ಒಂದೇ ಮಾತು ಆಡಬೇಕು. ಪ್ರಿಂಟರ್ ಪೋರ್ಟಿನ ರೂಢಿಯ ಲೈನು ಕೂಡ 7. ರೈಟರ್ ಅವರ ಡಾಟ್ ಮ್ಯಾಟ್ರಿಕ್ಸ್ ಇನ್ನೂ ಜೋಡಿಸಿದ್ದರೆ 5ಕ್ಕೆ ಹೋಗಲು ಅದೂ ಒಂದು ಕಾರಣ.

ನೀವು ಕೇಳದಿದ್ದರೂ ಒಂದು ಮಾತು, ಅಟ್ಟ ಅಂದಿರಲ್ಲ ಅದಕ್ಕೆ. ಎಷ್ಟು ಕಕ್ಕಡ ಮಾಸದ ಜಡಿಮಳೆ ಕಂಡಿದೆಯೋ ಆ ಪೆಟ್ಟಿಗೆ! ಪ್ಲಗ್ ಕಿತ್ತು ಮುಚ್ಚಳ ತೆಗೆದು, ಕೀಬೋರ್ಡ್ ಸಿಕ್ಕಿಸುವ ಜಾಗದ ಹತ್ತಿರ ನೋಡಿ. ಬೆರಳ ತುದಿಯಷ್ಟು ದಪ್ಪದ ನೀಲಿ ಬ್ಯಾಟರಿ ಬೋರ್ಡಿಗೆ ಬೆಸುಗೆ ಆಗಿದ್ದರೆ, ಸುತ್ತ ಹಸಿರು ಬಿಳಿ ಪುಡಿ ಕೂತಿದ್ದರೆ, ಅದು ಸೋರಿದೆ. ಇವತ್ತೇ ಕತ್ತರಿಸಿ ತೆಗೆಸಿ. ಆ ದ್ರವ ಕ್ಷಾರ, ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಕಿವಿ ಕಡ್ಡಿಯಲ್ಲಿ ಬಿಳಿ ವಿನೆಗರ್ ಅದ್ದಿ ಒರೆಸಿ, ಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಚೆನ್ನಾಗಿ ಒಣಗಿಸಿ. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಐಪಿಎ ಇರುತ್ತದೆ. ಕಾರ್ಡಿನ ಚಿನ್ನದ ಹಲ್ಲುಗಳಿಗೂ ಅದೇ ಐಪಿಎ. ಮಳೆಗಾಲದಲ್ಲಿ ಬಟ್ಟೆ ಒಣಗಿಸಿದ ಹಾಗೆ ಒಲೆ ಮೇಲೆ ಮಾತ್ರ ಇಡಬೇಡಿ, ಹೊಗೆಯ ಅಂಟು ಬಿಡಿಸಲು ಆಗಲ್ಲ.

ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬದ ಹೊತ್ತಿಗಾದರೂ ನಿಮ್ಮ ಬಂದೂಕು ಸದ್ದು ಮಾಡಲಿ.

ಪ್ರಶ್ನೆ: ವಿರಾಜಪೇಟೆಯವನು ನಾನು. ಗುಜರಿಯಲ್ಲಿ ಇಂಥದ್ದೇ ಹಳೆಯ ಕಾರ್ಡ್ ಸಿಕ್ಕಿದೆ. ನನ್ನ ಲ್ಯಾಪ್‌ಟಾಪಿಗೆ ಹಾಕಬಹುದಾ?

ಉತ್ತರ: ಆಗಲ್ಲ. ಅದಕ್ಕೆ ಬೇಕಾದ ಐಎಸ್ಎ ಎಂಬ ಹಳೆ ಕಾಲದ ಸ್ಲಾಟ್ ಲ್ಯಾಪ್‌ಟಾಪಿನಲ್ಲಿ ಇಲ್ಲ. ಕಾರ್ಡನ್ನು ಎಸೆಯಬೇಡಿ, ಹಳೆ ಕಂಪ್ಯೂಟರ್ ಇಟ್ಟುಕೊಂಡವರಿಗೆ ಅದು ಬೇಕೇ ಬೇಕು. ನಿಮಗೆ ಹಳೆ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಸಾಕು, ಉಚಿತವಾಗಿ ಸಿಗುತ್ತದೆ. ಅದರೊಳಗೆ ಸೌಂಡ್ ಬ್ಲಾಸ್ಟರ್ 16ರ ನಕಲು ಇದೆ. ಆದರೆ ಡಾಸ್‌ಬಾಕ್ಸ್ ಮೊದಲೇ ಇಟ್ಟುಕೊಂಡಿರುವ ಐಆರ್‌ಕ್ಯೂ 5 ಅಲ್ಲ, 7. ಆಟದ ಸೆಟಪ್‌ನಲ್ಲಿ 7 ಕೊಡಿ.