ಸಂಪಾದಕರ ಉತ್ತರ: ಬ್ಯಾಟಿನ ಬಲ, ಬ್ಯಾಟರ್‌ನ ಬಲ

ಧಾರವಾಡದ ಓದುಗರೊಬ್ಬರು ಬರೆಯುತ್ತಾರೆ: ‘ಮಗಳ ಮನೆಗೆಂದು ನ್ಯಾಶ್‌ವಿಲ್‌ಗೆ ಹೋಗಿದ್ದಾಗ ಟೆನೆಸಿ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳ ಬೇಸ್‌ಬಾಲ್ ಪಂದ್ಯ ನೋಡಿದೆ. 2022ರಲ್ಲಿ ಇವೇ ತಂಡಗಳ ನಡುವೆ ಬ್ಯಾಟಿನ ಜಗಳವಾಗಿತ್ತೆಂದು ಪಕ್ಕದಲ್ಲಿ ಕುಳಿತವರು ಹೇಳಿದರು. ಎರಡೂ ತಂಡಗಳಿಗೆ ಒಂದೇ ಬಗೆಯ ಬ್ಯಾಟ್ ಸಿಗುವಾಗ ಆಯ್ಕೆಯಿಂದ ಆಗುವ ವ್ಯತ್ಯಾಸವೇನು? ಹೈಸ್ಕೂಲ್ ತಂಡದಲ್ಲಿ ಆಡುವ ಮೊಮ್ಮಗ ದುಬಾರಿ ಬ್ಯಾಟ್ ಬೇಕೆನ್ನುತ್ತಾನೆ. ಕೊಡಿಸಬೇಕೆ?’

ಮಾನ್ಯರೇ,

ಆ ಜಗಳ ನಡೆದದ್ದು 2022ರ ಏಪ್ರಿಲ್ 1ರಂದು, ವ್ಯಾಂಡರ್‌ಬಿಲ್ಟ್‌ನ ಹಾಕಿನ್ಸ್ ಫೀಲ್ಡ್‌ನಲ್ಲಿ. ಟೆನೆಸಿಯ ಜೋರ್ಡನ್ ಬೆಕ್ ಮೊದಲ ಇನಿಂಗ್ಸ್‌ನಲ್ಲೇ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ) ಬಾರಿಸಿದರು. ಬ್ಯಾಟಿನ ಮೇಲೆ ತಪಾಸಣೆಯ ಸ್ಟಿಕ್ಕರ್ ಇರಲಿಲ್ಲವೆಂದು ಹೋಮ್ ರನ್ ರದ್ದಾಯಿತು, ಬೆಕ್ ಔಟ್ ಎನಿಸಿದರು. ಕ್ರೀಡಾಂಗಣ ಕುದಿಯಿತು. ಆದರೆ ಆ ಸರಣಿಯ ಮೂರೂ ಪಂದ್ಯಗಳನ್ನು ಟೆನೆಸಿಯೇ ಗೆದ್ದಿತು, ಆ ಋತುವಿನಲ್ಲಿ ಒಟ್ಟು 158 ಹೋಮ್ ರನ್ ಹೊಡೆಯಿತು. ಒಂದು ಬ್ಯಾಟನ್ನು ಕಿತ್ತುಕೊಂಡ ಮಾತ್ರಕ್ಕೆ ಆ ತಂಡದ ಹೊಡೆತ ಸೊರಗಲಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನರ್ಧಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1979ರ ಡಿಸೆಂಬರ್‌ನಲ್ಲಿ ಪರ್ತ್ ಟೆಸ್ಟ್‌ನಲ್ಲಿ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟ್ ಹಿಡಿದು ಬಂದದ್ದು ನಮ್ಮ ಕ್ರಿಕೆಟ್ ಓದುಗರಿಗೆ ನೆನಪಿರಬಹುದು. ಅದಾದ ಮೇಲೆ ಕ್ರಿಕೆಟ್ ಲೋಹದ ಬ್ಯಾಟಿಗೆ ಬಾಗಿಲು ಮುಚ್ಚಿತು. ಅಮೆರಿಕದ ಕಾಲೇಜು ಬೇಸ್‌ಬಾಲ್ ಅದಕ್ಕೆ ಐದು ವರ್ಷ ಮೊದಲೇ, 1974ರಲ್ಲಿ, ಅದೇ ಬಾಗಿಲನ್ನು ತೆರೆದಿತ್ತು. ಪದೇ ಪದೇ ಮುರಿಯುವ ಮರದ ಬ್ಯಾಟುಗಳ ಖರ್ಚು ಕಾಲೇಜುಗಳಿಗೆ ಹೊರೆಯಾಗಿತ್ತು. ಉಳಿತಾಯಕ್ಕೆಂದು ತಂದ ಲೋಹ ಆಟವನ್ನೇ ಬದಲಿಸಿತು.

ಕಾರಣ ಭೌತಶಾಸ್ತ್ರದಲ್ಲಿದೆ. ಗಟ್ಟಿ ಮರಕ್ಕೆ ಚೆಂಡು ಬಡಿದಾಗ ಚೆಂಡೇ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾಗುವಾಗ ಅದರ ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತದೆ. ಲೋಹದ ಬ್ಯಾಟಿನ ಒಳಗು ಟೊಳ್ಳು. ಅದರ ತೆಳು ಗೋಡೆ ಒಂದು ಕ್ಷಣ ಒಳಕ್ಕೆ ಬಾಗಿ, ಮತ್ತೆ ಹೊರಕ್ಕೆ ಚಿಮ್ಮಿ, ಹೀರಿಕೊಂಡ ಶಕ್ತಿಯನ್ನು ಚೆಂಡಿಗೆ ಮರಳಿಸುತ್ತದೆ. ಇದಲ್ಲದೆ ಲೋಹದ ಬ್ಯಾಟ್ ಬೀಸಲು ಹಗುರ, ಹಾಗಾಗಿ ಬ್ಯಾಟರ್ ಚೆಂಡನ್ನು ಒಂದಿಷ್ಟು ಹೆಚ್ಚು ಹೊತ್ತು ನೋಡಿ ನಿರ್ಧರಿಸಬಹುದು. ಚೆಂಡೆಸೆಯುವ ಪಿಚರ್‌ಗಳಿಗೆ ನಿಜಕ್ಕೂ ನೋವಾಗುವುದು ಮೂರನೆಯ ಸಂಗತಿಯಿಂದ. ಮೈಗೆ ಹತ್ತಿರವಾಗಿ ಎಸೆದ ಚೆಂಡು ಮರದ ಬ್ಯಾಟಿನ ತೆಳು ಭಾಗಕ್ಕೆ ತಗಲಿದರೆ ಬ್ಯಾಟ್ ಸೀಳಿ ಚೆಂಡು ಕಾಲ ಬುಡದಲ್ಲೇ ಉರುಳುತ್ತದೆ. ಲೋಹ ಸೀಳುವುದಿಲ್ಲ, ಅದೇ ಚೆಂಡು ಒಳಮೈದಾನ ದಾಟಿ ಬೀಳುತ್ತದೆ. ಚೆನ್ನಾಗಿ ಎಸೆದವನಿಗೆ ಶಿಕ್ಷೆ, ತಡವಾಗಿ ಬೀಸಿದವನಿಗೆ ಬಹುಮಾನ. ಇದು ನನಗೆ ಎಂದೂ ಸರಿ ಎನಿಸಿಲ್ಲ.

1990ರ ದಶಕದಲ್ಲಿ ಇದು ಮಿತಿ ಮೀರಿತು. ಲೂಯಿಸಿಯಾನಾ ಸ್ಟೇಟ್ ತಂಡ 1997ರ ಒಂದೇ ಋತುವಿನಲ್ಲಿ 188 ಹೋಮ್ ರನ್ ಬಾರಿಸಿತು. ಮರುವರ್ಷ ಒಮಾಹಾದಲ್ಲಿ ನಡೆದ ಕಾಲೇಜ್ ವರ್ಲ್ಡ್ ಸೀರೀಸ್ (ಕಾಲೇಜು ಬೇಸ್‌ಬಾಲ್‌ನ ಅಂತಿಮ ಹಂತದ ಟೂರ್ನಿ) ಫೈನಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅರಿಜೋನಾ ಸ್ಟೇಟ್ ತಂಡವನ್ನು 21–14ರಿಂದ ಸೋಲಿಸಿತು. ಅಮೆರಿಕನ್ನರು ಇದನ್ನು ‘ಗೊರಿಲ್ಲಾ ಬಾಲ್’ ಎಂದು ಕರೆದರು. ಮೊದಲು ತೂಕದ ಮೇಲೆ ಕಡಿವಾಣ ಬಂತು: ಬ್ಯಾಟಿನ ಉದ್ದ ಎಷ್ಟು ಇಂಚೋ, ಔನ್ಸ್‌ಗಳಲ್ಲಿ ಅದರ ತೂಕ ಆ ಸಂಖ್ಯೆಗಿಂತ ಮೂರಕ್ಕಿಂತ ಹೆಚ್ಚು ಕಡಿಮೆ ಇರುವಂತಿಲ್ಲ. 33 ಇಂಚಿನ ಬ್ಯಾಟ್ ಕನಿಷ್ಠ 30 ಔನ್ಸ್, ಅಂದರೆ ಸುಮಾರು 850 ಗ್ರಾಂ ತೂಗಬೇಕು. 2011ರಲ್ಲಿ ‘ಬಿಬಿಕಾರ್’ ಎಂಬ ಅಳತೆ ಬಂದು ಚಿಮ್ಮುವಿಕೆಗೇ 0.50ರ ಮಿತಿ ಹಾಕಿತು. ಇದು ಮರದ ಬ್ಯಾಟಿಗೆ ಬಹಳ ಹತ್ತಿರ.

ಪರಿಣಾಮ ಒಂದೇ ವರ್ಷದಲ್ಲಿ ಕಂಡಿತು. 2010ರಲ್ಲಿ ಪ್ರಥಮ ಶ್ರೇಣಿಯ ಕಾಲೇಜುಗಳ ಒಟ್ಟು ಬ್ಯಾಟಿಂಗ್ ಸರಾಸರಿ .305 ಇತ್ತು, ಎಂದರೆ ಸಾವಿರ ಅವಕಾಶಗಳಿಗೆ 305 ಹಿಟ್ (ಬ್ಯಾಟರ್ ಔಟಾಗದೆ ಬೇಸ್ ತಲುಪುವ ಹೊಡೆತ). 2011ರಲ್ಲಿ ಅದು .282ಕ್ಕೆ ಇಳಿಯಿತು. ಪಂದ್ಯವೊಂದಕ್ಕೆ ಒಂದು ತಂಡದ ಹೋಮ್ ರನ್ 0.94ರಿಂದ 0.52ಕ್ಕೆ ಕುಸಿಯಿತು. 2014ರ ಇಡೀ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ಬಂದದ್ದು ಮೂರೇ ಹೋಮ್ ರನ್. ಆಟಗಾರರ ತೋಳು ಒಂದು ಚಳಿಗಾಲದಲ್ಲಿ ಬಡಕಲಾಗಲಿಲ್ಲ, ಬದಲಾದದ್ದು ಕೈಯಲ್ಲಿದ್ದ ಬ್ಯಾಟ್. 2015ರಲ್ಲಿ ಚೆಂಡಿನ ಹೊಲಿಗೆಯ ಎತ್ತರವನ್ನು 0.048 ಇಂಚಿನಿಂದ 0.031 ಇಂಚಿಗೆ ಇಳಿಸಿದ ಮೇಲೆ ಗಾಳಿಯ ತಡೆ ತಗ್ಗಿ ಹೋಮ್ ರನ್‌ಗಳು ಮತ್ತೆ ಹೆಚ್ಚಿದವು. ಟೆನೆಸಿಯ 158 ಆ ಕಾಲದ ಫಸಲು.

ಹಾಗಾದರೆ ಆಯ್ಕೆಗೆ ಉಳಿದದ್ದೇನು? ಮಿತಿಗಿಂತ ಹೆಚ್ಚು ಚಿಮ್ಮುವ ಬ್ಯಾಟನ್ನು ನಿಯಮದೊಳಗೆ ಕೊಳ್ಳಲು ಇಂದು ಸಾಧ್ಯವಿಲ್ಲ. ಲೋಹದ ಬದಲು ನಾರು ಮತ್ತು ಅಂಟಿನಿಂದ ಮಾಡಿದ ಕಾಂಪೊಸಿಟ್ ಬ್ಯಾಟ್ ಹೊಡೆದಂತೆಲ್ಲ ಮೃದುವಾಗಿ ಚಿಮ್ಮುವಿಕೆ ಏರಬಹುದು. ಅದಕ್ಕಾಗಿಯೇ ಪಂದ್ಯಕ್ಕೆ ಮುನ್ನ ಬ್ಯಾಟನ್ನು ಒತ್ತಿ ಪರೀಕ್ಷಿಸಿ ಸ್ಟಿಕ್ಕರ್ ಅಂಟಿಸುತ್ತಾರೆ. ಬದ್ಧ ವೈರಿಗಳ ಸರಣಿಯಲ್ಲಿ ಇದು ತೀರಾ ಅಗತ್ಯವೆಂದೇ ನನ್ನ ಅಭಿಪ್ರಾಯ. ಅನುಮಾನವೊಂದು ಹುಟ್ಟಿದರೆ ಮೂರು ದಿನದ ಆಟವೂ ಕೆಡುತ್ತದೆ.

ಉಳಿದಿರುವ ನಿಜವಾದ ಆಯ್ಕೆ ತೂಕ ಎಲ್ಲಿ ಕುಳಿತಿದೆ ಎಂಬುದು. ಒಂದೇ ಉದ್ದ, ಒಂದೇ ತೂಕದ ಎರಡು ಬ್ಯಾಟ್‌ಗಳಲ್ಲಿ ಒಂದರ ಭಾರ ತುದಿಯಲ್ಲಿರಬಹುದು, ಇನ್ನೊಂದರದು ಹಿಡಿಕೆಯತ್ತ. ತುದಿ ಭಾರದ ಬ್ಯಾಟ್ ಸರಿಯಾಗಿ ತಗಲಿದರೆ ಚೆಂಡನ್ನು ದೂರ ಅಟ್ಟುತ್ತದೆ, ಆದರೆ ಬೀಸು ನಿಧಾನ. ಹಿಡಿಕೆಯತ್ತ ಭಾರವಿರುವ ಬ್ಯಾಟ್ ಬೇಗ ತಿರುಗುತ್ತದೆ, ತಡವಾಗಿ ತಿರುವು ಪಡೆಯುವ ಚೆಂಡಿಗೂ ದಿಕ್ಕು ಬದಲಿಸಬಹುದು. ಪ್ರತಿವರ್ಷ ಎದುರಾಗುವ ತಂಡಗಳು ಪರಸ್ಪರರ ಬ್ಯಾಟರ್‌ಗಳನ್ನು ಚೆನ್ನಾಗಿ ಓದಿಕೊಂಡಿರುತ್ತವೆ. ನಿಧಾನವಾಗಿ ಬೀಸುವವನು ಯಾರೆಂದು ಗೊತ್ತಾದರೆ ಮೈಯತ್ತ ವೇಗದ ಚೆಂಡುಗಳು ಸಾಲಾಗಿ ಬರುತ್ತವೆ. ಸೋಲುವುದು ಅವನಿಗೆ ಒಗ್ಗದ ಬ್ಯಾಟ್.

ಇನ್ನು ನಿಮ್ಮ ಮೊಮ್ಮಗನ ವಿಷಯ. ಅಮೆರಿಕದ ಹೈಸ್ಕೂಲ್‌ಗಳಲ್ಲೂ 2012ರಿಂದ ಬಿಬಿಕಾರ್ ಮಿತಿಯೇ ಇದೆ. ಹೆಚ್ಚು ಹಣ ಕೊಟ್ಟರೆ ಕೈ ಜುಮ್ಮೆನ್ನುವುದು ಕಡಿಮೆಯಾಗಬಹುದು, ಚೆಂಡು ಮಿತಿ ಮೀರಿ ಹಾರುವುದಿಲ್ಲ. ತಂಡದ ಗೆಳೆಯರ ನಾಲ್ಕಾರು ಬ್ಯಾಟ್‌ಗಳಿಂದ ಅವನು ಅಭ್ಯಾಸ ಮಾಡಲಿ. ದಣಿದ ಮೇಲೂ, ಅಭ್ಯಾಸದ ಕೊನೆಯ ಹೊಡೆತಗಳಲ್ಲೂ, ಯಾವುದು ತಡವಾಗದೆ ಬರುತ್ತದೋ ಅದರ ಉದ್ದ ಮತ್ತು ಭಾರದ ಹಂಚಿಕೆಯನ್ನು ಗುರುತಿಸಿಕೊಂಡು, ಅದೇ ಅಳತೆಯ ಹಿಂದಿನ ವರ್ಷದ ಮಾದರಿಯನ್ನು ಕೊಡಿಸಿ. ಉಳಿದ ಹಣದಲ್ಲಿ ಒಂದು ಮರದ ಬ್ಯಾಟ್ ಕೊಂಡು ಅಭ್ಯಾಸಕ್ಕೆ ಕೊಡಿ. ಚೆಂಡು ಸರಿಯಾಗಿ ತಗಲಿತೋ ಇಲ್ಲವೋ ಎಂಬುದನ್ನು ಅದು ಪ್ರತಿ ಹೊಡೆತಕ್ಕೂ ಅವನ ಅಂಗೈಗೇ ತಿಳಿಸುತ್ತದೆ.

— ಸಂಪಾದಕ